ವೇಗವೂ ಮಿತವ್ಯಯವೂ

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಕತ್ರಿಗುಪ್ಪೆ ಒಂದು ಕಾಲಕ್ಕೆ ಹಳ್ಳಿಯಾಗಿತ್ತು. ಇಂದು ಅದು ಬನಶಂಕರಿ ಬಡಾವಣೆಗಳೊಡನೆ ಬೆರೆತು ಮಹಾನಗರದ ಅಂಗವಾಗಿದೆ. ಅಲ್ಲಿಯ ವರ್ತುಲ ರಸ್ತೆಯ ಕೂಡುದಾರಿಯಲ್ಲಿ ಸಂಜೆ ಕೆಂಪು ದೀಪ ಬೆಳಗಿತೆಂದರೆ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ. ಆಗ ಜಾಣನಾದ ಆಟೋ ಚಾಲಕನು ಎಂಜಿನನ್ನು ಆರಿಸಿಬಿಡುತ್ತಾನೆ. ತನ್ನ ಗಾಡಿ ಎಷ್ಟು ವೇಗವಾಗಿ ಓಡಬಲ್ಲದು ಎಂಬುದಕ್ಕಿಂತ, ಒಂದು ಲೀಟರು ಇಂಧನಕ್ಕೆ ಎಷ್ಟು ದೂರ ಓಡುತ್ತದೆ ಎಂಬುದೇ ಅವನಿಗೆ ಮುಖ್ಯ. ಅವನ ದಿನದ ಗಳಿಕೆ ನಿಂತಿರುವುದು ಅದರ ಮೇಲೆ.

ಅದೇ ಬೀದಿಯ ಮನೆಯೊಂದರಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ವಿದ್ಯುತ್ತು ಹೋಯಿತೆಂದು ಭಾವಿಸೋಣ. ಅಕ್ಕ ತಮ್ಮಂದಿರಿಗೆ ಇರುವುದು ಒಂದೇ ಲ್ಯಾಪ್‌ಟಾಪ್. ಬ್ಯಾಟರಿಯಲ್ಲಿ ಉಳಿದ ಶಕ್ತಿಯಲ್ಲೇ ಇಬ್ಬರ ಕೆಲಸವೂ ಮುಗಿಯಬೇಕು. ಈಗ ಅವರ ಮುಂದಿರುವ ಪ್ರಶ್ನೆಯೂ ಆಟೋ ಚಾಲಕನ ಪ್ರಶ್ನೆಯೇ ಅಲ್ಲವೆ?

ಗಣಕಯಂತ್ರದ ಎಲ್ಲ ಲೆಕ್ಕಾಚಾರಗಳನ್ನೂ ನಡೆಸುವ ಭಾಗಕ್ಕೆ ಪ್ರೊಸೆಸರ್ ಅಥವಾ ಸಂಸ್ಕಾರಕ ಎಂದು ಹೆಸರು. ಬೆರಳುಗುರಿನಷ್ಟು ಅಗಲದ ಸಿಲಿಕಾನ್ ಬಿಲ್ಲೆಯ ಮೇಲೆ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳನ್ನು ರಚಿಸಿ ಅದನ್ನು ತಯಾರಿಸುತ್ತಾರೆ. ಸೆಕೆಂಡಿಗೆ ನೂರಾರು ಕೋಟಿ ಬಾರಿ ಮಿಡಿಯುವ ಒಂದು ಗಡಿಯಾರದ ತಾಳಕ್ಕೆ ಅವು ಕೆಲಸ ಮಾಡುತ್ತವೆ. ಈ ಮಿಡಿತದ ಸಂಖ್ಯೆಯನ್ನೇ ಕಂಡು ಸಂಸ್ಕಾರಕದ ಬೆಲೆ ಕಟ್ಟುವುದು ವಾಡಿಕೆ. ಆದರೆ ಅದು ತಪ್ಪು ಅಳತೆ. 2003ರಲ್ಲಿ ಲ್ಯಾಪ್‌ಟಾಪುಗಳಿಗೆಂದೇ ಬಂದ ಪೆಂಟಿಯಂ ಎಂ ಸಂಸ್ಕಾರಕದ ಮಿಡಿತ ಪೆಂಟಿಯಂ 4ರ ಮಿಡಿತಕ್ಕಿಂತ ಬಹಳ ಕಡಿಮೆಯಾಗಿತ್ತು. ಆದರೂ ಪ್ರತಿ ಮಿಡಿತದಲ್ಲೂ ಹೆಚ್ಚು ಕೆಲಸ ಮಾಡುತ್ತಿದ್ದುದರಿಂದ ಅನೇಕ ಕಾರ್ಯಗಳಲ್ಲಿ ಅದು ಸರಿಸಮನಾಗಿ ನಿಂತಿತು. ಸುಟ್ಟ ವಿದ್ಯುತ್ತು ಮಾತ್ರ ಎಷ್ಟೋ ಕಡಿಮೆ.

ಹಾಗಾದರೆ ಸರಿಯಾದ ಅಳತೆ ಯಾವುದು? ವಾಟ್ ಎಂಬುದು ವಿದ್ಯುತ್ತು ಖರ್ಚಾಗುವ ದರ. ವಾಟ್-ಗಂಟೆ ಎಂಬುದು ಖರ್ಚಾದ ಒಟ್ಟು ಶಕ್ತಿ. 50 ವಾಟ್-ಗಂಟೆ ಬ್ಯಾಟರಿಯುಳ್ಳ ಮೂರು ಲ್ಯಾಪ್‌ಟಾಪುಗಳನ್ನು ಕಲ್ಪಿಸಿಕೊಂಡು, ಮೂರಕ್ಕೂ ಒಂದೇ ಕೆಲಸವನ್ನು ಒಪ್ಪಿಸೋಣ. ಮೊದಲನೆಯದು 30 ವಾಟ್ ಬಳಸಿ 10 ನಿಮಿಷದಲ್ಲಿ ಮುಗಿಸಿತು. ಖರ್ಚು 5 ವಾಟ್-ಗಂಟೆ. ಎರಡನೆಯದು 12 ವಾಟ್ ಬಳಸಿ 15 ನಿಮಿಷ ತೆಗೆದುಕೊಂಡಿತು. ಖರ್ಚು 3 ವಾಟ್-ಗಂಟೆ. ಮೂರನೆಯದು ಬರೀ 8 ವಾಟ್ ಬಳಸಿತು, ಆದರೆ 45 ನಿಮಿಷ ಎಳೆಯಿತು. ಖರ್ಚು 6 ವಾಟ್-ಗಂಟೆ. ಬ್ಯಾಟರಿ ಬರಿದಾಗುವುದರೊಳಗೆ ಮೊದಲನೆಯದು ಆ ಕೆಲಸವನ್ನು 10 ಬಾರಿ, ಎರಡನೆಯದು 16 ಬಾರಿ, ಮೂರನೆಯದು 8 ಬಾರಿ ಮಾಡಬಲ್ಲದು. ಅತಿ ವೇಗದ್ದೂ ಗೆಲ್ಲಲಿಲ್ಲ, ಅತಿ ಕಡಿಮೆ ವಾಟಿನದೂ ಗೆಲ್ಲಲಿಲ್ಲ. ಒಂದು ಕೆಲಸಕ್ಕೆ ತಗಲುವ ಒಟ್ಟು ಶಕ್ತಿಯನ್ನು ನೋಡಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವೇಗ ಹೆಚ್ಚಿದಂತೆ ಖರ್ಚು ಏಕೆ ಇಷ್ಟು ಏರುತ್ತದೆ? ಟ್ರಾನ್ಸಿಸ್ಟರುಗಳು ಬಳಸುವ ವಿದ್ಯುತ್ತು ಮಿಡಿತದ ವೇಗಕ್ಕೆ ಅನುಗುಣವಾಗಿ ಮಾತ್ರವಲ್ಲದೆ, ಅವುಗಳಿಗೆ ಒದಗಿಸುವ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಬೆಳೆಯುತ್ತದೆ. ಮಿಡಿತವನ್ನು ಏರಿಸಬೇಕಾದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕು. ಎರಡನ್ನೂ ಐದರಲ್ಲೊಂದು ಪಾಲು ಇಳಿಸಿದರೆ ವಿದ್ಯುತ್ತಿನ ಬಳಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಈ ಗುಟ್ಟನ್ನರಿತ ಎಂಜಿನಿಯರರು ಒಂದೇ ಬಿಲ್ಲೆಯಲ್ಲಿ ಭಾರವಾದ ಕೆಲಸಕ್ಕೆ ಬಲಿಷ್ಠ ತಿರುಳುಗಳನ್ನೂ ಹಗುರವಾದ ಕೆಲಸಕ್ಕೆ ಮಿತವ್ಯಯದ ತಿರುಳುಗಳನ್ನೂ ಇಟ್ಟರು. 2020ರಲ್ಲಿ ಬಂದ ಆಪಲ್ ಎಂ1 ಸಂಸ್ಕಾರಕದಲ್ಲಿ ಅಂತಹ ತಿರುಳುಗಳು ನಾಲ್ಕು ನಾಲ್ಕು ಇದ್ದವು. ಕೆಲಸವಿಲ್ಲದ ಕ್ಷಣದಲ್ಲಿ ತಿರುಳುಗಳು ನಿದ್ರಿಸುತ್ತವೆ, ಕೆಂಪು ದೀಪದೆದುರು ಆರಿಸಿದ ಎಂಜಿನಿನಂತೆ.

ಈ ಮಿತವ್ಯಯದ ಮಹತ್ವವನ್ನು ಬೆಂಗಳೂರು ಬಹಳ ಹಿಂದೆಯೇ ಅರಿತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ಎಂಜಿನಿಯರರೂ ಸೇರಿ ಸಿಂಪ್ಯೂಟರ್ ಎಂಬ ಅಂಗೈಗಣಕವನ್ನು ರೂಪಿಸಿ, 2001ರ ಏಪ್ರಿಲ್ ತಿಂಗಳಲ್ಲಿ ಅದರ ಮಾದರಿಯನ್ನು ಜನರ ಮುಂದಿಟ್ಟರು. ಅಕ್ಷರ ಬಾರದವರಿಗೂ ಅದು ಉಪಯೋಗವಾಗಬೇಕು, ವಿದ್ಯುತ್ತಿನ ಭರವಸೆಯಿಲ್ಲದ ಹಳ್ಳಿಯಲ್ಲೂ ನಡೆಯಬೇಕು ಎಂಬುದು ಅವರ ಆಶಯವಾಗಿತ್ತು. ಆ ಕಾಲದ ಮೇಜುಗಣಕದ ಪೆಂಟಿಯಂ 4 ಸಂಸ್ಕಾರಕವೊಂದಕ್ಕೇ 50 ವಾಟ್‌ಗಿಂತ ಹೆಚ್ಚು ಬೇಕಾಗುತ್ತಿತ್ತು. ಸಿಂಪ್ಯೂಟರಿಗೆ ಆರಿಸಿಕೊಂಡ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕಕ್ಕೆ ಒಂದು ವಾಟ್ ಕೂಡ ಬೇಡವಾಗಿತ್ತು. ಮೂರು ಸಣ್ಣ ಬ್ಯಾಟರಿ ಸೆಲ್ಲುಗಳಿಂದಲೇ ಯಂತ್ರ ನಡೆಯುತ್ತಿತ್ತು. ಮಾರುಕಟ್ಟೆಯಲ್ಲಿ ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಗೆಲ್ಲಲಿಲ್ಲವೆಂಬುದು ನಿಜ. ಆದರೆ ಅದನ್ನು ರೂಪಿಸಿದವರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು. ಅವರು ನೆಚ್ಚಿದ ಆರ್ಮ್ ವಂಶದ ಸಂಸ್ಕಾರಕಗಳು ಇಂದು ನಮ್ಮ ಮೊಬೈಲುಗಳಲ್ಲಿವೆ. ಆಪಲ್ ಎಂ1 ಕೂಡ ಅದೇ ವಂಶದ್ದು.

ಇಂತಹ ಹೋಲಿಕೆಯಲ್ಲಿ ನ್ಯಾಯವೂ ಇರಬೇಕು. ಎರಡೂ ಯಂತ್ರಗಳಿಗೆ ಒಂದೇ ಕೆಲಸ ಕೊಡಬೇಕು. ಪರದೆಯ ಬೆಳಕು ಒಂದೇ ಸಮನಾಗಿರಬೇಕು. ಎರಡೂ ಬ್ಯಾಟರಿಯ ಮೇಲೆಯೇ ನಡೆಯಬೇಕು. ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುವುದರಿಂದ, ತೆಳುವಾದ ಲ್ಯಾಪ್‌ಟಾಪು ಕೆಲವು ನಿಮಿಷಗಳ ನಂತರ ಬಿಸಿಯೇರಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳಬಹುದು. ಆದ್ದರಿಂದ ಮೊದಲ ನಿಮಿಷದ ಓಟವನ್ನಷ್ಟೇ ಕಂಡು ತೀರ್ಪು ಕೊಡಬಾರದು.

ಕತ್ರಿಗುಪ್ಪೆಯ ಆ ಮನೆಯಲ್ಲಿ ಅಕ್ಕ ತನ್ನ ಲೆಕ್ಕಗಳನ್ನು ಮುಗಿಸಿ ಲ್ಯಾಪ್‌ಟಾಪನ್ನು ತಮ್ಮನ ಕೈಗಿತ್ತಾಗ ಬ್ಯಾಟರಿಯಲ್ಲಿ ಇನ್ನೂ ಶಕ್ತಿ ಉಳಿದಿದ್ದರೆ, ಅವನ ಓದೂ ಮುಂದುವರಿಯುತ್ತದೆ. ಒಳ್ಳೆಯ ಯಂತ್ರದ ನಿಜವಾದ ಪರೀಕ್ಷೆ ಅದು.