ಕಾಣೆಯಾದ 42 ಕಿಲೋವ್ಯಾಟ್

ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈರೈಡರ್ ಹೈಬ್ರಿಡ್ ಕಾರಿನ 1.5 ಲೀಟರ್ ಪೆಟ್ರೋಲ್ ಎಂಜಿನ್ನಿನ ಶಕ್ತಿ 68 ಕಿಲೋವ್ಯಾಟ್. ಜೊತೆಗಿರುವ ವಿದ್ಯುತ್ ಮೋಟಾರಿನದು 59. ಕೂಡಿಸಿದರೆ 127 ಆಗಬೇಕು. ಕಂಪನಿ ಕೊಡುವ ಒಟ್ಟು ಲೆಕ್ಕ ಮಾತ್ರ 85. ಕಾರಿಗೆ ಇನ್ನಷ್ಟು ಚುರುಕು ಬರಲೆಂದು ದುಡ್ಡು ಸುರಿಯಲು ಹೊರಟವರು ಮೊದಲು ಈ 42 ಕಿಲೋವ್ಯಾಟ್ ಎಲ್ಲಿ ಹೋಯಿತೆಂದು ಕೇಳಬೇಕು.

ಉತ್ತರ ಬ್ಯಾಟರಿಯ ಗಾತ್ರದಲ್ಲಿ ಅಡಗಿದೆ. ಬ್ಯಾಟರಿ ಹಿಡಿಯುವುದು 0.76 ಕಿಲೋವ್ಯಾಟ್-ಅವರ್, ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಮುಕ್ಕಾಲು ಯೂನಿಟ್. 85ರಲ್ಲಿ ಎಂಜಿನ್ನಿನ 68 ಕಳೆದರೆ ಉಳಿಯುವ 17 ಕಿಲೋವ್ಯಾಟ್ ಮಾತ್ರ ಬ್ಯಾಟರಿಯ ಪಾಲು. ಮೋಟಾರು ಪೂರ್ತಿ ದುಡಿಯುವಾಗ ಅದಕ್ಕೆ ಬೇಕಾದ ಉಳಿದ ವಿದ್ಯುತ್ತನ್ನು ಜನರೇಟರ್ ಮೂಲಕ ಎಂಜಿನ್ನೇ ಒದಗಿಸುತ್ತದೆ. ಒಂದೇ ಶಕ್ತಿಯನ್ನು ಎರಡು ಸಲ ಎಣಿಸಿದ್ದರಿಂದ 127 ಬಂತು, ಅಷ್ಟೇ. ಆ 17 ಕಿಲೋವ್ಯಾಟನ್ನಾದರೂ ತುಂಬಿದ ಬ್ಯಾಟರಿ ಎಷ್ಟು ಹೊತ್ತು ಕೊಟ್ಟೀತು? ಪೂರ್ತಿ ಬರಿದು ಮಾಡಿದರೆ 161 ಸೆಕೆಂಡು. ಬಾಳಿಕೆಯ ದೃಷ್ಟಿಯಿಂದ ಕಾರಿನ ಕಂಪ್ಯೂಟರ್ ಅದಕ್ಕೆ ಬಿಡುವುದಿಲ್ಲ. ಅರ್ಧ ಬಳಸುತ್ತದೆ ಎಂದಿಟ್ಟುಕೊಂಡರೆ 80 ಸೆಕೆಂಡು. ಚಾರ್ಮಾಡಿ ಘಾಟಿಯ ಏರಿನಲ್ಲಿ ಇದು ಕೆಲವೇ ತಿರುವುಗಳ ಮಾತು.

ಹೊಸ ಏರ್ ಫಿಲ್ಟರು, ದಪ್ಪ ಸೈಲೆನ್ಸರು ಹಾಕಿಸಿ ಎಂಜಿನ್ನಿಗೆ ಶೇ 3 ಹೆಚ್ಚು ಬಲ ಬಂತೆಂದೇ ಒಪ್ಪೋಣ. ಅದು 2 ಕಿಲೋವ್ಯಾಟ್. ಕಾರಿನ ತೂಕ 1,300 ಕೆಜಿ ಎಂದು ಹಿಡಿದರೆ, ಡಿಕ್ಕಿಯಿಂದ 30 ಕೆಜಿ ಸಾಮಾನು ಕೆಳಗಿಳಿಸಿದರೂ ಹೆಚ್ಚುಕಡಿಮೆ ಅಷ್ಟೇ ಫಲ, ಬಿಡಿಗಾಸಿನ ಖರ್ಚಿಲ್ಲದೆ.

ಥ್ರಾಟಲ್ ಕಂಟ್ರೋಲರ್ ಎಂಬ ಪುಟ್ಟ ಪೆಟ್ಟಿಗೆಯ ಕಥೆಯೂ ಹೀಗೇ. ಆಕ್ಸಿಲರೇಟರನ್ನು ಶೇ 30ರಷ್ಟು ಒತ್ತಿದಾಗ ಅದು ಕಂಪ್ಯೂಟರಿಗೆ ಶೇ 45 ಎಂದು ಹೇಳುತ್ತದೆ, ಅಂದುಕೊಳ್ಳಿ. ಕಾಲಿಗೆ ಕಾರು ಜಿಗಿದಂತೆ ಅನ್ನಿಸುತ್ತದೆ, ನಿಜ. ಆದರೆ ಪೂರ್ತಿ ಒತ್ತಿದಾಗ ಎರಡೂ 100, ಅಲ್ಲಿ ಸಿಗುವುದು ಅದೇ 85 ಕಿಲೋವ್ಯಾಟ್. ಇದಕ್ಕೆ ಸಾವಿರಾರು ರೂಪಾಯಿ ಕೊಡುವ ಮೊದಲು ಕಾರಿನಲ್ಲೇ ಇರುವ ಪವರ್ ಮೋಡ್ ಒತ್ತಿ ನೋಡಬಹುದು; ಮಾಡುವುದು ಬಹುಮಟ್ಟಿಗೆ ಅದೇ ಕೆಲಸ.

ತಿರುವಿನಲ್ಲಿ ಕಾರು ವಾಲದಿರಲೆಂದು ಸ್ಪ್ರಿಂಗ್ ಬದಲಿಸಿ 30 ಮಿಲಿಮೀಟರ್ ತಗ್ಗಿಸುವವರಿದ್ದಾರೆ. ಗುರುತ್ವ ಕೇಂದ್ರದ ಎತ್ತರ 60 ಸೆಂಟಿಮೀಟರ್, ಎಡಬಲ ಚಕ್ರಗಳ ಅಂತರ ಒಂದೂವರೆ ಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕಿದೆ. ಗುರುತ್ವದ ಅರ್ಧದಷ್ಟು ಬಲದ ತಿರುವಿನಲ್ಲಿ ಒಳಗಿನ ಚಕ್ರಗಳಿಂದ ಹೊರಗಿನವಕ್ಕೆ 260 ಕೆಜಿ ಭಾರ ಸರಿಯುತ್ತದೆ. ತಗ್ಗಿಸಿದ ಮೇಲೆ 247. ಉಳಿದದ್ದು 13 ಕೆಜಿ. ಸ್ಪ್ರಿಂಗು ಗಡುಸಾದ್ದರಿಂದ ವಾಲುವುದು ಕಣ್ಣಿಗೆ ಇನ್ನೂ ಕಡಿಮೆ ಕಂಡೀತು, ಅದು ಬೇರೆ ಮಾತು. ಇದಕ್ಕೆ ತೆರುವ ಬೆಲೆ ನೆಲದಿಂದಿರುವ ಎತ್ತರ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ರಸ್ತೆಯುಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ನಮ್ಮ ಬೀದಿಗಳ ಉಬ್ಬುಗಳನ್ನು ಹಾಕಿದವರು ಅಳತೆಪಟ್ಟಿ ಹಿಡಿದಂತೆ ಕಾಣುವುದಿಲ್ಲ.

ಕಾನೂನಿನ ಬಾಬ್ತೂ ಇದೆ. ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಡಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂ. ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ವೈರಿಂಗಿಗೆ ಕೈ ಹಾಕಿದರೆ ಹೈಬ್ರಿಡ್ ಬ್ಯಾಟರಿಗಿರುವ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿಗೂ ತಕರಾರು ಬರಬಹುದು.

ನನ್ನ ದುಡ್ಡಾದರೆ ಟೈರಿಗೆ ಹಾಕುತ್ತೇನೆ, ಅದೂ ಕಂಪನಿ ಕೊಟ್ಟ 215/60 ಆರ್17 ಅಳತೆಯಲ್ಲೇ. 225/55 ಆರ್18ಕ್ಕೆ ಹೋದರೆ ಚಕ್ರದ ವ್ಯಾಸ 690ರಿಂದ 705 ಮಿಲಿಮೀಟರಿಗೆ ಏರುತ್ತದೆ. ಸ್ಪೀಡೋಮೀಟರಿನ ಲೆಕ್ಕ ಶೇ 2ರಷ್ಟು ತಪ್ಪುತ್ತದೆ. ಅಳತೆ ಅದೇ ಇದ್ದು ಹಿಡಿತ ಹೆಚ್ಚಿದರೆ ಸಾಕು. ರಸ್ತೆಯೊಂದಿಗೆ ಘರ್ಷಣೆಯ ಗುಣಾಂಕ 0.8ರಿಂದ 0.9ಕ್ಕೆ ಏರಿದರೆ, 100 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದ ಕಾರು 49 ಮೀಟರಿನ ಬದಲು 44ರೊಳಗೆ ನಿಲ್ಲುತ್ತದೆ. ಆ ಐದು ಚಿಲ್ಲರೆ ಮೀಟರು ಹೈರೈಡರಿನ 4.365 ಮೀಟರ್ ಉದ್ದಕ್ಕಿಂತ ಹೆಚ್ಚು.

ಆದರೆ ಹಿಡಿತ ಹೆಚ್ಚಿದ ಟೈರು ಸಾಮಾನ್ಯವಾಗಿ ಉರುಳಲು ತುಸು ಸೋಮಾರಿ. ಊರಲ್ಲಿ ಲೀಟರಿಗೆ 22 ಕಿ.ಮೀ. ಕೊಡುತ್ತಿದ್ದ ಕಾರು 20ಕ್ಕೆ ಇಳಿಯಿತೆನ್ನಿ. ವರ್ಷಕ್ಕೆ 15,000 ಕಿ.ಮೀ. ಓಡಿಸಿದರೆ 68 ಲೀಟರ್ ಹೆಚ್ಚು ಬೇಕು. ಲೀಟರಿಗೆ 103 ರೂಪಾಯಿ ಎಂದಿಟ್ಟುಕೊಂಡರೆ 7,000 ರೂ. ಐದು ವರ್ಷಕ್ಕೆ 35,000. ಟೈರೊಂದಕ್ಕೆ 11,000 ರೂ. ಎಂದು ಹಿಡಿದರೆ, ಮೂರು ಹೊಸ ಟೈರಿನ ದುಡ್ಡು.