ನಮ್ಮ ಮನೆಯ ಕಿಟಕಿಯ ಹಿಡಿಗಳು



ಚಿತ್ರದುರ್ಗದ ಸೀಮೆಯವರಿಗೆ ಕಿಂಡಿಯೆಂಬ ಮಾತು ಕಿವಿಗೆ ಬಿದ್ದೊಡನೆ ಓಬವ್ವನ ನೆನಪಾಗುವುದು ಸಹಜ. ಮದಕರಿನಾಯಕನ ಕಾಲದಲ್ಲಿ ಹೈದರಾಲಿಯ ಸೈನಿಕರು ಕೋಟೆಯ ಕಲ್ಲುಸಂದಿಯಿಂದ ಒಬ್ಬೊಬ್ಬರಾಗಿ ನುಸುಳುತ್ತಿರಲು, ಕಾವಲುಗಾರನ ಹೆಂಡತಿಯಾದ ಆಕೆ ಒನಕೆಯನ್ನು ಹಿಡಿದು ಆ ಕಿಂಡಿಯನ್ನು ಕಾದಳೆಂದು ನಮ್ಮ ಜನರು ಹೇಳಿಕೊಂಡು ಬಂದಿದ್ದಾರೆ. ಕೋಟೆಯು ೧೭೭೯ರಲ್ಲಿ ಹೈದರನ ವಶವಾಯಿತು. ಕಿಂಡಿಯ ಹೆಸರು ಉಳಿಯಿತು. ಈ ಹೊತ್ತು ನಾವು ಹೇಳಹೊರಟಿರುವುದು ಅಷ್ಟು ದೊಡ್ಡ ಸಂಗತಿಯಲ್ಲ. ಆದರೂ ಒಂದು ತೆರಪನ್ನು ಬೇಕೆಂದಾಗ ತೆರೆಯಲೂ ಬೇಡವೆಂದಾಗ ಮುಚ್ಚಲೂ ಕೈಗೆ ಒಂದು ಸಾಧನವಿರಬೇಕೆಂಬ ಮಾತು ಕೋಟೆಗೆ ಹೇಗೋ ಮನೆಗೂ ಹಾಗೆಯೇ ಸಲ್ಲುತ್ತದೆ. ಮನೆಯ ಕಿಟಕಿಯಲ್ಲಿ ಆ ಸಾಧನವು ಗೇಣುದ್ದವೂ ಇಲ್ಲದ ಒಂದು ಹಿಡಿ. ಅದು ಮುರಿದಾಗ ಅದಕ್ಕೆ ತಕ್ಕ ಇನ್ನೊಂದನ್ನು ಗೊತ್ತುಮಾಡುವುದು ಹೇಗೆ ಎಂಬುದೇ ಈ ದಿನದ ವಿಷಯ.

ಹಿಡಿ ಮುರಿದ ಮನೆಯಲ್ಲಿ ಏನು ನಡೆಯುತ್ತದೆಂಬುದನ್ನು ನಾವೆಲ್ಲರೂ ಬಲ್ಲೆವು. ಮೊದಲು ಒಂದು ತುಂಡು ಹುರಿ ಬರುತ್ತದೆ. ಹುರಿ ಹರಿದರೆ ತಂತಿ. ತಂತಿಯೂ ಸಡಿಲವಾದರೆ ಕದಕ್ಕೆ ಮೊಳೆ ಹೊಡೆದು ಮುಚ್ಚಿಬಿಡುವುದು. ಅಲ್ಲಿಗೆ ಕಿಟಕಿಯು ಗೋಡೆಯಾಯಿತು. ಕೈಯಲ್ಲಿ ಹಣವುಳ್ಳವರು ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದು, ತಲೆಮಾರು ಕಾಲ ಬಾಳಿದ ತೇಗದ ಚೌಕಟ್ಟನ್ನೇ ಕಿತ್ತುಹಾಕಿ ಹೊಸ ಕಿಟಕಿಯನ್ನು ಕೂರಿಸುತ್ತಾರೆ. ಎರಡೂ ನಷ್ಟವೇ. ಕೆಟ್ಟದ್ದು ಒಂದು ತುಂಡು ಲೋಹ. ಅದಕ್ಕಾಗಿ ಒಂದು ಕಡೆ ಗಾಳಿಯನ್ನು ಕಳೆದುಕೊಂಡೆವು, ಇನ್ನೊಂದು ಕಡೆ ಮರವನ್ನು ಕಳೆದುಕೊಂಡೆವು.

ಗಾಳಿಯನ್ನು ಕಳೆದುಕೊಳ್ಳುವುದು ಸಣ್ಣ ಮಾತಲ್ಲ. ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ನಡೆಸಿ ೨೦೦೭ರಲ್ಲಿ ಪ್ರಕಟಿಸಿದ ಒಂದು ಪರಿಶೋಧನೆಯಲ್ಲಿ, ಎತ್ತರವಾದ ಚಾವಣಿಯೂ ದೊಡ್ಡ ಕಿಟಕಿಗಳೂ ಉಳ್ಳ ಹಳೆಯ ಕಟ್ಟಡಗಳಲ್ಲಿ ಕಿಟಕಿಗಳನ್ನು ತೆರೆದಿಟ್ಟರೆ, ಯಂತ್ರದಿಂದ ಗಾಳಿಯಾಡಿಸುವ ಹೊಸ ಕೊಠಡಿಗಳಿಗಿಂತಲೂ ಹೆಚ್ಚಾಗಿ ಗಾಳಿ ಬದಲಾಗುವುದೆಂದು ಕಂಡುಬಂದಿತು. ಕ್ಷಯರೋಗವು ಹರಡುವ ಸಂಭವವೂ ಅದರಿಂದ ಕಡಮೆಯಾಗುವುದೆಂದು ಲೆಕ್ಕ ಹಾಕಿ ತೋರಿಸಿದರು. ಒಲೆಯ ಹೊಗೆ ತುಂಬುವ ಅಡಿಗೆಮನೆಗೂ, ಹಾಸಿಗೆ ಹಿಡಿದ ಹಿರಿಯರು ಮಲಗುವ ಕೋಣೆಗೂ ಈ ವಿಚಾರವು ಅನ್ವಯಿಸುತ್ತದೆ.

ನಮ್ಮ ಸೀಮೆಯಲ್ಲಿ ಕಿಟಕಿಯ ಹಿಡಿಗೆ ಬೀಳುವ ಕೆಲಸವು ಇತರ ಕಡೆಗಳಿಗಿಂತ ಹೆಚ್ಚೆಂದೇ ಹೇಳಬೇಕು. ಆಷಾಢದ ಗಾಳಿ ಎಂದರೆ ಏನೆಂಬುದನ್ನು ದುರ್ಗದವರಿಗೆ ಯಾರೂ ವಿವರಿಸಬೇಕಾದದ್ದಿಲ್ಲ. ಊರಿನ ಸುತ್ತಣ ಗುಡ್ಡಗಳ ಸಾಲಿನಲ್ಲಿ ವಿದ್ಯುತ್ತಿಗಾಗಿ ನಿಲ್ಲಿಸಿರುವ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ. ಹಿರಿಯೂರಿನ ಕಡೆ ಮಳೆ ಕಡಮೆ; ಬೇಸಗೆಯ ಧೂಳು ಹೆಚ್ಚು. ಹೊಳಲ್ಕೆರೆ ಹೊಸದುರ್ಗಗಳ ಅಡಿಕೆ ತೆಂಗಿನ ತೋಟಗಳ ಮಗ್ಗುಲಿನ ಮನೆಗಳಿಗೆ ಸೊಳ್ಳೆಯ ಕಾಟ ಸೇರಿಕೊಳ್ಳುತ್ತದೆ. ಗಾಳಿಯು ಕದವನ್ನು ಬಡಿಯುತ್ತದೆ, ಧೂಳು ಕೀಲನ್ನು ಬಿಗಿಹಿಡಿಸುತ್ತದೆ, ಸೊಳ್ಳೆಯು ಜಾಲರಿಯನ್ನು ಹಾಕಿಸುತ್ತದೆ. ಈ ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಹಿಡಿಯನ್ನು ಆರಿಸತಕ್ಕದ್ದು.

ಇಲ್ಲಿ ಒಂದು ಮೂಲತತ್ವವನ್ನು ಹೇಳಬೇಕು. ಕಿಟಕಿಯ ಹಿಡಿಯ ಆಕಾರವನ್ನು ನಿಶ್ಚಯಿಸುವುದು ಅಂದವಲ್ಲ; ಕೈಗೂ ಕದಕ್ಕೂ ನಡುವೆ ಏನು ಅಡ್ಡವಿದೆ ಎಂಬುದು. ನಮ್ಮ ಹಳೆಯ ಮನೆಗಳಲ್ಲಿ ಒಳಗಡೆ ಕಬ್ಬಿಣದ ಕಂಬಿಗಳು, ಹೊರಕ್ಕೆ ತೆರೆಯುವ ಕದಗಳು. ಕಂಬಿಯ ಸಂದಿಯಲ್ಲಿ ಕೈ ತೂರುತ್ತದೆ. ಆದಕಾರಣ ಒಂದು ಚಿಲಕ, ಒಂದು ಕೊಕ್ಕೆ, ಒಂದು ಸಣ್ಣ ಹಿಡಿ ಇಷ್ಟು ಸಾಕಾಗಿತ್ತು. ಆ ಕಂಬಿಗಳಿಗೆ ಸೊಳ್ಳೆಯ ಜಾಲರಿಯನ್ನು ಬಿಗಿದ ದಿನವೇ ಕೈಯ ದಾರಿ ಕಟ್ಟಿತು. ಆಮೇಲೆ ಎಷ್ಟು ಒಳ್ಳೆಯ ಹಿಡಿಯನ್ನು ತಂದು ಹಾಕಿದರೂ ಪ್ರಯೋಜನವಿಲ್ಲ. ಜಾಲರಿಯನ್ನು ತೆರೆಯುವ ಚೌಕಟ್ಟಿನಲ್ಲಿ ಕೂರಿಸಬೇಕು. ಇಲ್ಲವೆ ಜಾಲರಿಯ ಈಚೆಯಿಂದಲೇ ಕದವನ್ನು ನಡೆಸುವ ಸಾಧನ ಬೇಕು. ಅಂಥ ಸಾಧನವೇ ತಿರುಗುಹಿಡಿ, ಎಂದರೆ ಅಂಗಡಿಯವರು ಕ್ರ್ಯಾಂಕ್ ಎಂದು ಕರೆಯುವಂಥಾದ್ದು.

ಈಗ ಒಂದೊಂದು ಬಗೆಯ ಕಿಟಕಿಯನ್ನೂ ವಿಚಾರಿಸೋಣ.

ಮರದ ಕಿಟಕಿಯಲ್ಲಿ ಕೆಲಸ ಸುಲಭ. ಇದರ ಚಿಲಕವು ಎಡಕ್ಕೂ ಬಲಕ್ಕೂ ಒಂದೇ. ಅದರ ಉದ್ದ, ಒಳಗೆ ಓಡುವ ಸರಳಿನ ದಪ್ಪ, ತಿರುಪುಮೊಳೆಯ ತೂತುಗಳ ಅಂತರ, ಈ ಮೂರನ್ನು ನೋಡಿದರೆ ಸಾಕು. ಆದರೆ ಚಿಲಕ ಬೀಳುತ್ತಿಲ್ಲವೆಂದ ಮಾತ್ರಕ್ಕೆ ಚಿಲಕವು ಕೆಟ್ಟಿದೆಯೆಂದು ತಿಳಿಯಬಾರದು. ಮರವು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವ ವಸ್ತು. ಕೀಲಿನ ಮೊಳೆಗಳು ಸಡಿಲಿ ಕದವು ಜೋತುಬಿದ್ದರೂ ಸರಳು ತನ್ನ ತೂತನ್ನು ತಪ್ಪುತ್ತದೆ. ಆಗ ಬೇಕಾದದ್ದು ಹೊಸ ಚಿಲಕವಲ್ಲ. ಕೀಲಿನ ಮೊಳೆಯ ಹಳೆಯ ತೂತಿಗೆ ಬಿದಿರಿನ ಸಣ್ಣ ಬೆಣೆಯನ್ನು ಅಂಟಿನೊಡನೆ ಬಡಿದು, ಮೊಳೆಯನ್ನು ಮರಳಿ ಬಿಗಿಯುವುದು.

ಎರಡನೆಯದು ಉಕ್ಕಿನ ಕಿಟಕಿ. ಇಂಗ್ಲೆಂಡಿನ ಬ್ರೇಂಟ್ರಿ ಎಂಬ ಊರಿನಲ್ಲಿ ಕ್ರಿಟ್ಟಾಲ್ ಎಂಬವರು ೧೮೮೪ರಲ್ಲಿ ಲೋಹದ ಕಿಟಕಿಗಳನ್ನು ಮಾಡತೊಡಗಿದರು. ಆ ಬಗೆಯ ಕಿಟಕಿಗಳು ಕಾಲಕ್ರಮದಲ್ಲಿ ನಮ್ಮ ದೇಶದ ಕಛೇರಿ, ಶಾಲೆ, ವಸತಿಗೃಹಗಳಿಗೂ ಬಂದುವು. ಇವುಗಳ ವಿಷಯದಲ್ಲಿ ಐ.ಎಸ್. ೧೦೩೮ ಎಂಬ ಭಾರತೀಯ ಮಾನಕವೂ ಉಂಟು. ಈ ಕಿಟಕಿಯ ಹಿಡಿಗೆ ಹಕ್ಕಿಯ ಕೊಕ್ಕಿನಂತೆ ಒಂದು ಮೂತಿಯಿರುತ್ತದೆ. ಹಿಡಿಯನ್ನು ತಿರುಗಿಸಿದಾಗ ಆ ಮೂತಿಯು ಚೌಕಟ್ಟಿನ ಮೇಲಿನ ಸಣ್ಣ ಹಿತ್ತಾಳೆಯ ತಗಡಿಗೆ ಕಚ್ಚಿಕೊಳ್ಳುತ್ತದೆ. ಮೂತಿಯಲ್ಲಿ ಎರಡು ಮೆಟ್ಟಿಲುಗಳಿದ್ದರೆ ಅದು ಅಲಂಕಾರವಲ್ಲ: ಒಂದರಿಂದ ಕಿಟಕಿ ಪೂರ್ತಿ ಮುಚ್ಚುತ್ತದೆ, ಇನ್ನೊಂದರಿಂದ ಗಾಳಿಯಾಡುವಷ್ಟು ಸಂದಿ ಬಿಟ್ಟು ಭದ್ರವಾಗಿ ನಿಲ್ಲುತ್ತದೆ. ಈ ಹಿಡಿಗೆ ಎಡ ಬಲಗಳ ಭೇದವಿದೆ. ಮೂತಿಯ ಎತ್ತರವೂ ತಗಡಿನ ಎತ್ತರವೂ ಹೊಂದದಿದ್ದರೆ ಹಿಡಿ ತಿರುಗುತ್ತದೆ, ಕಿಟಕಿ ಮಾತ್ರ ಬಿಗಿಯುವುದಿಲ್ಲ. ಹಿಡಿಯನ್ನು ಬದಲಾಯಿಸುವಾಗ ಸವೆದ ತಗಡನ್ನೂ ಬದಲಾಯಿಸುವುದು ಲೇಸು. ಕೆಳಗಡೆ ಕದವನ್ನು ತೆರೆದು ನಿಲ್ಲಿಸುವ ತೂತುಗಳುಳ್ಳ ಪಟ್ಟಿಯೂ ಗಟ್ಟಿಯಾಗಿರಬೇಕು. ಗಾಳಿಯ ಹೊಡೆತವನ್ನು ಹೊರುವುದು ಆ ಪಟ್ಟಿ. ಅದು ಸಡಿಲವಾದರೆ ಹೊಸ ಹಿಡಿಯೂ ಗಾಜೂ ಬಹುಕಾಲ ಬಾಳಲಾರವು.

ಮೂರನೆಯದು ಈಚೆಗೆ ಬಳಕೆಗೆ ಬಂದಿರುವ ಯು.ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕಿನ ಕಿಟಕಿ. ಇದರ ಹಿಡಿಯ ಬೆನ್ನಿನಿಂದ ಚೌಕಾಕಾರದ ಒಂದು ಸರಳು ಹೊರಟು ಕದದೊಳಗಿನ ಬೀಗದ ಪಟ್ಟಿಯನ್ನು ನಡೆಸುತ್ತದೆ. ಆ ಸರಳಿನ ದಪ್ಪವು ಸಾಮಾನ್ಯವಾಗಿ ೭ ಮಿಲಿಮೀಟರು. ಹಿಡಿಯನ್ನು ಬಿಗಿಯುವ ಎರಡು ತಿರುಪುಗಳ ಅಂತರವು ಸಾಮಾನ್ಯವಾಗಿ ೪೩ ಮಿಲಿಮೀಟರು. ಇವೆರಡೂ ಹೊಂದಿದುವೆಂದು ಸಮಾಧಾನಪಟ್ಟುಕೊಳ್ಳಲಾಗದು. ಸರಳಿನ ಉದ್ದದಲ್ಲಿ ವ್ಯತ್ಯಾಸಗಳು ಬಹಳ. ಗಿಡ್ಡವಾದರೆ ಒಳಗಿನ ಬೀಗಕ್ಕೆ ಮುಟ್ಟುವುದಿಲ್ಲ. ಉದ್ದವಾದರೆ ಹಿಡಿಯು ಕದಕ್ಕೆ ಕೂರುವುದಿಲ್ಲ.

ಕೊನೆಯದು ತಿರುಗುಹಿಡಿ. ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿಬಂದ ಹಿರಿಯರು ಇದನ್ನು ಅಲ್ಲಿ ನೋಡಿರಬಹುದು. ಅಲ್ಲಿ ಕದವು ಹೊರಕ್ಕೆ ತೆರೆಯುತ್ತದೆ, ಹುಳುಹುಪ್ಪಟೆಗಳನ್ನು ತಡೆಯುವ ಜಾಲರಿ ಒಳಗಡೆ ಇರುತ್ತದೆ; ಮೇಲೆ ಹೇಳಿದ ತತ್ವದಂತೆ ಈ ಹಿಡಿ ಅಲ್ಲಿ ಅವಶ್ಯವಾಯಿತು. ಹಿಡಿಯ ಬುಡದ ಪೆಟ್ಟಿಗೆಯಲ್ಲಿ ಒಂದು ಸುರುಳಿ ತಿರುಪು ಇದ್ದು, ಅದು ಹಲ್ಲಿನ ಗಾಲಿಯೊಂದನ್ನು ತಿರುಗಿಸುತ್ತದೆ. ಗಾಲಿಗೆ ಸೇರಿದ ತೋಳು ಕದವನ್ನು ಹೊರಕ್ಕೆ ನೂಕುತ್ತದೆ. ಇದರ ಗುಣವೇನೆಂದರೆ, ತಿರುಪು ಗಾಲಿಯನ್ನು ನಡೆಸಬಲ್ಲದು, ಗಾಲಿಯು ತಿರುಪನ್ನು ಸುಲಭವಾಗಿ ನಡೆಸಲಾರದು. ಎಂದರೆ ಕೈ ಹೇಳಿದಂತೆ ಕದ ಕೇಳುತ್ತದೆ; ಗಾಳಿ ಹೇಳಿದಂತೆ ಕೇಳುವುದಿಲ್ಲ.

ತಿರುಗುಹಿಡಿ ಕೆಟ್ಟಾಗ ಎಲ್ಲಿ ಕೆಟ್ಟಿತೆಂಬುದನ್ನು ಮೊದಲು ಗೊತ್ತುಮಾಡಬೇಕು. ಹಿಡಿ ತಿರುಗಿ ಅದರ ಕೆಳಗಿನ ಕಡ್ಡಿ ತಿರುಗದಿದ್ದರೆ ದೋಷವು ಹಿಡಿಯದು. ಮೊದಲು ಅದರ ಮಗ್ಗುಲಿನ ಸಣ್ಣ ತಿರುಪನ್ನು ಬಿಗಿದು ನೋಡಬೇಕು. ಆಗಲೂ ಜಾರಿದರೆ ಹಿಡಿಯೊಂದನ್ನು ತಂದರೆ ಸಾಕು. ಕಡ್ಡಿಯೂ ತಿರುಗಿ ಕದ ಅಲುಗದಿದ್ದರೆ ಒಳಗಿನ ಹಲ್ಲು ಸವೆದಿದೆ, ಇಲ್ಲವೆ ತೋಳು ಕಳಚಿದೆ. ಆಗ ಪೆಟ್ಟಿಗೆಯನ್ನೇ ಬದಲಾಯಿಸಬೇಕಾದೀತು. ಯಾವುದೂ ತಿರುಗದಿದ್ದರೆ ತುಕ್ಕು ಅಥವಾ ಧೂಳು ಕಾರಣವಾಗಿರಬಹುದು. ಬಲವನ್ನು ಪ್ರಯೋಗಿಸದೆ ಬಿಚ್ಚಿ ಶುಚಿಮಾಡಬೇಕು. ಇಕ್ಕಳದಿಂದ ಕಡ್ಡಿಯನ್ನು ತಿರುಚುವುದು ಎಂದಿಗೂ ಸಲ್ಲದು. ಕಡ್ಡಿಯ ತುದಿಯಲ್ಲಿ ಸಣ್ಣ ಹಲ್ಲುಗಳಿದ್ದು, ಅವು ಹಾಳಾದರೆ ಹೊಸ ಹಿಡಿಯೂ ಅದರ ಮೇಲೆ ನಿಲ್ಲದು. ಈ ಕಡ್ಡಿಯ ದಪ್ಪವು ಕೆಲವದರಲ್ಲಿ ಅಂಗುಲದ ೧೬ರಲ್ಲಿ ೫ ಭಾಗ, ಕೆಲವದರಲ್ಲಿ ೮ರಲ್ಲಿ ೩ ಭಾಗ. ಎರಡಕ್ಕೂ ಅಂತರ ಒಂದೂವರೆ ಮಿಲಿಮೀಟರಿಗಿಂತ ತುಸು ಹೆಚ್ಚು. ಕಣ್ಣಿಗೆ ಎರಡೂ ಒಂದೇ. ಕೈಗೆ ಬೇರೆ ಬೇರೆ.

ಅಂಗಡಿಗೆ ಹೋಗುವ ಮುನ್ನ ಮಾಡತಕ್ಕ ಕೆಲಸವಿಷ್ಟು. ಮುರಿದ ತುಂಡನ್ನು ಎಸೆಯದೆ ಅದರ ಮೊಳೆಗಳ ಸಮೇತ ಕಟ್ಟಿಟ್ಟುಕೊಳ್ಳಬೇಕು. ಒಂದು ತೂತಿನ ನಡುವಿನಿಂದ ಇನ್ನೊಂದು ತೂತಿನ ನಡುವಿಗೆ ಎಷ್ಟೆಂದು ಅಳೆಯಬೇಕು. ಅಂಚಿನಿಂದ ಅಂಚಿಗೆ ಅಳೆದರೆ ಲೆಕ್ಕ ತಪ್ಪುತ್ತದೆ. ಕದದ ದಪ್ಪವನ್ನೂ, ಸರಳಿದ್ದರೆ ಅದರ ದಪ್ಪ ಉದ್ದಗಳನ್ನೂ ಬರೆದುಕೊಳ್ಳಬೇಕು. ಇನ್ನು ಎಡ ಬಲಗಳ ಮಾತು. ಒಬ್ಬ ತಯಾರಕನು ಎಡವೆಂದದ್ದನ್ನು ಇನ್ನೊಬ್ಬನು ಬಲವೆನ್ನುವುದುಂಟು. ಆದ್ದರಿಂದ ಬರಿಯ ಎಡಗೈ ಬಲಗೈ ಎಂದು ಹೇಳದೆ, “ಕೋಣೆಯ ಒಳಗೆ ನಿಂತು ನೋಡಿದರೆ ಕೀಲು ನಮ್ಮ ಎಡಕ್ಕಿದೆ, ಕದ ಹೊರಕ್ಕೆ ತೆರೆಯುತ್ತದೆ” ಎಂದು ಬಿಡಿಸಿ ಹೇಳಿದರೆ ಗೊಂದಲಕ್ಕೆ ಎಡೆಯಿಲ್ಲ. ಕಿಟಕಿಯ ಮೂಲೆಯಲ್ಲೋ ಹಿಡಿಯ ಬೆನ್ನಿನಲ್ಲೋ ತಯಾರಕರ ಗುರುತು ಇದ್ದರೆ ಅದನ್ನೂ ಬರೆದುಕೊಂಡು ಹೋಗುವುದು ಉತ್ತಮ.

ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸರಿಯಾದ ಜೋಡಿ ದೊರೆಯದಿದ್ದರೆ ನಿರಾಶೆಗೆ ಕಾರಣವಿಲ್ಲ. ಹಳೆಯ ಮನೆಗಳನ್ನು ಕೆಡವಿದ ಮರಮುಟ್ಟುಗಳನ್ನು ಮಾರುವ ಅಂಗಡಿಗಳಲ್ಲಿಯೂ ಗುಜರಿಯವರಲ್ಲಿಯೂ ಹುಡುಕಿದರೆ ಅದೇ ಕಾಲದ ಹಿಡಿಗಳು ಕಣ್ಣಿಗೆ ಬೀಳುವುದುಂಟು. ಬೆಂಗಳೂರಿಗೆ ಹೋಗಿಬರುವವರಿಗೆ ಎಸ್.ಜೆ.ಪಿ. ರಸ್ತೆಯ ಅಂಗಡಿಗಳ ಸಾಲಿದೆ. ಹಿತ್ತಾಳೆಯ ಹಿಡಿಯಾದರೆ, ಅದರ ಜೊತೆಯ ಇನ್ನೊಂದನ್ನು ಮಾದರಿಯಾಗಿ ಕೊಟ್ಟು ಎರಕದವರಿಂದ ಹೊಯ್ಯಿಸಬಹುದು. ಎರಕದ ಲೋಹವು ಆರುವಾಗ ಕೊಂಚ ಕುಗ್ಗುತ್ತದೆಯಾದ್ದರಿಂದ ತೂತುಗಳನ್ನು ಎರಕದಲ್ಲಿಯೇ ಬಿಡಿಸದೆ, ಆಮೇಲೆ ಚೌಕಟ್ಟಿನ ಅಳತೆಗೆ ಕೊರೆಯಿಸುವುದು ಕ್ಷೇಮ.

ಹಾಕಿದ ಹಿಡಿ ಬಾಳುವುದಕ್ಕೆ ಇನ್ನೊಂದು ಮಾತು. ಧೂಳಿನ ಊರಿನಲ್ಲಿ ಕೀಲಿಗೂ ಚಿಲಕಕ್ಕೂ ಎಣ್ಣೆಯನ್ನು ಧಾರಾಳವಾಗಿ ಸುರಿಯುವುದು ಹಿತವಲ್ಲ. ಎಣ್ಣೆಯು ಧೂಳನ್ನು ಹಿಡಿದು, ಅದು ಅರೆಯುವ ಕಲ್ಲಿನಂತೆ ಲೋಹವನ್ನು ಸವೆಸುತ್ತದೆ. ಚಿಲಕದ ಸರಳಿಗೆ ಸೀಸದ ಕಡ್ಡಿಯ ಪುಡಿಯನ್ನು, ಎಂದರೆ ಪೆನ್ಸಿಲ್ಲಿನ ಒಳಗಿನ ಕಪ್ಪನ್ನು, ಉಜ್ಜಿದರೆ ಅದು ನುಣ್ಣಗೆ ಓಡುತ್ತದೆ, ಧೂಳೂ ಅಂಟದು. ತಿರುಗುಹಿಡಿಯ ಪೆಟ್ಟಿಗೆಗೆ ಮಾತ್ರ, ಹಳೆಯ ಜಿಡ್ಡನ್ನು ಒರೆಸಿ ತೆಗೆದು ಸ್ವಲ್ಪ ಗ್ರೀಸನ್ನು ಹಚ್ಚಬೇಕು. ಈ ಕೆಲಸವನ್ನು ಆಷಾಢಕ್ಕೆ ಮೊದಲೇ, ವರ್ಷಕ್ಕೊಮ್ಮೆ ಮಾಡಿದರೆ ಸಾಕು.

ಒಟ್ಟಿನಲ್ಲಿ ಹೇಳಬೇಕಾದ ಮಾತು ಇಷ್ಟೆ. ಮುರಿದ ಹಿಡಿಯು ತನಗೆ ಬೇಕಾದ ಜೋಡಿ ಯಾವುದೆಂಬುದನ್ನು ತಾನೇ ಹೇಳುತ್ತದೆ. ಅದನ್ನು ಅಳೆದು ಓದುವ ತಾಳ್ಮೆ ನಮಗಿರಬೇಕು. ಆ ತಾಳ್ಮೆಗೆ ತಗಲುವುದು ಕಾಲುಗಂಟೆ. ಅದರಿಂದ ಉಳಿಯುವುದು ಒಂದು ಒಳ್ಳೆಯ ಚೌಕಟ್ಟು, ಒಂದಷ್ಟು ಹಣ, ಮನೆಯವರು ಉಸಿರಾಡುವ ಗಾಳಿ. ಹುರಿ ಕಟ್ಟಿದ ಕಿಟಕಿಯೊಂದು ನಿಮ್ಮ ಮನೆಯಲ್ಲಿದ್ದರೆ ಈ ವಾರದಲ್ಲಿಯೇ ಅದನ್ನು ಬಿಚ್ಚಿ ನೋಡಿರಿ.