ಒಬ್ಬರೇ ಇಬ್ಬರಾಗಿ ಎದುರಾಗುವುದು ಹೇಗೆ?

ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಉತ್ತರಕ್ಕೆ ಹೊರಟರೆ ಕುಮಟಾ, ದಕ್ಷಿಣಕ್ಕೆ ಹೊರಟರೆ ಭಟ್ಕಳ. ನೀವು ಕುಮಟಾ ಬಸ್ಸು ಹತ್ತಿದಿರಿ. ಅದೇ ಗಳಿಗೆಯಲ್ಲಿ ಇನ್ನೊಂದು ಜಗತ್ತಿನ ನೀವು ಭಟ್ಕಳದ ಬಸ್ಸು ಹತ್ತಿದಿರಿ. ಇಪ್ಪತ್ತು ವರ್ಷದ ಮೇಲೆ ಆ ಇಬ್ಬರೂ ಎದುರುಬದುರು ಕೂತರೆ ಏನು ಮಾತಾಡಿಕೊಂಡಾರು? ಸಮಾಂತರ ವಿಶ್ವದ ಧಾರಾವಾಹಿಗಳೆಲ್ಲ ಹುಟ್ಟುವುದು ಈ ಪ್ರಶ್ನೆಯಿಂದಲೇ.

ಇದರ ಹಿಂದೆ ಒಂದು ವಿಜ್ಞಾನದ ಎಳೆಯೂ ಇದೆ. 1957ರಲ್ಲಿ ಅಮೆರಿಕದ ಹ್ಯೂ ಎವರೆಟ್ ಎಂಬ ತರುಣ ಭೌತವಿಜ್ಞಾನಿ ಕ್ವಾಂಟಂ ಸಿದ್ಧಾಂತಕ್ಕೆ ಹೊಸದೊಂದು ಅರ್ಥ ಕೊಟ್ಟ. ಒಂದು ಕಣಕ್ಕೆ ಎರಡು ಸಾಧ್ಯತೆಗಳಿದ್ದರೆ, ಅಳೆದಾಗ ಒಂದು ಉಳಿದು ಇನ್ನೊಂದು ಅಳಿಯುವುದಿಲ್ಲ. ಎರಡೂ ನಡೆಯುತ್ತವೆ, ಬೇರೆ ಬೇರೆ ಕವಲುಗಳಲ್ಲಿ ಎಂಬುದು ಅವನ ವಾದ. ಕವಲೊಡೆದ ಮೇಲೆ ಒಂದು ಕವಲಿನವರು ಇನ್ನೊಂದರವರನ್ನು ಕಾಣಲಾರರು. ಆದರೆ ಕತೆಗಾರನಿಗೆ ಬೇಕಾದದ್ದು ಆ ಭೇಟಿಯೇ. ಹಾಗಾಗಿ ಅವನು ನಡುವೆ ಒಂದು ಬಾಗಿಲು ಇಡುತ್ತಾನೆ.

ಕ್ಯಾಮೆರಾ ಮಾಡುವ ಕೆಲಸ

ಒಬ್ಬ ನಟನನ್ನು ಒಂದೇ ಚೌಕಟ್ಟಿನಲ್ಲಿ ಇಬ್ಬರಾಗಿ ತೋರಿಸುವ ಕಲೆ ಸಿನಿಮಾದಷ್ಟೇ ಹಳೆಯದು. ಫ್ರಾನ್ಸಿನ ಜಾರ್ಜ್ ಮೆಲಿಯೆಸ್ 1900ರಲ್ಲೇ ಒಂದು ಪುಟ್ಟ ಚಿತ್ರದಲ್ಲಿ ತಾನೊಬ್ಬನೇ ಏಳು ಮಂದಿ ವಾದ್ಯಗಾರರಾಗಿ ಕಾಣಿಸಿಕೊಂಡ. ಆಗಿನ ಉಪಾಯ ಸರಳ. ಕ್ಯಾಮೆರಾ ಅಲುಗದಂತೆ ನಿಲ್ಲಿಸಿ, ಲೆನ್ಸಿನ ಒಂದು ಭಾಗ ಮುಚ್ಚಿ ಚಿತ್ರೀಕರಿಸಬೇಕು. ಆಮೇಲೆ ಫಿಲಂ ಹಿಂದಕ್ಕೆ ಸುತ್ತಿ, ತೆರೆದಿದ್ದ ಭಾಗ ಮುಚ್ಚಿ, ಮುಚ್ಚಿದ್ದ ಭಾಗ ತೆರೆದು ಮತ್ತೊಮ್ಮೆ ಅದೇ ಫಿಲಂ ಮೇಲೆ ಚಿತ್ರೀಕರಿಸಬೇಕು. ಎರಡೂ ಭಾಗ ಕೂಡುವಲ್ಲಿ ಒಂದು ಗೆರೆ ಇರುತ್ತದೆ. ಆ ಗೆರೆಯನ್ನು ಬಾಗಿಲ ಅಂಚಿನಲ್ಲೋ ಕಂಬದ ಹಿಂದೋ ಅಡಗಿಸುತ್ತಿದ್ದರು.

ಈಗ ಕಂಪ್ಯೂಟರ್ ಹಿಡಿತದ ಕ್ಯಾಮೆರಾ ಬಂದಿದೆ. ಅದು ತಾನು ಸರಿದ ದಾರಿಯನ್ನು ನೆನಪಿಟ್ಟುಕೊಂಡು, ಎಷ್ಟು ಸಲ ಬೇಕಾದರೂ ಕೂದಲೆಳೆ ತಪ್ಪದೆ ಹಾಗೇ ಸರಿಯುತ್ತದೆ. ಕೆನಡಾದ ‘ಆರ್ಫನ್ ಬ್ಲ್ಯಾಕ್’ (2013–2017) ಧಾರಾವಾಹಿಯಲ್ಲಿ ತಾತಿಯಾನಾ ಮಸ್ಲಾನಿ ತದ್ರೂಪಿ ಹೆಂಗಸರ ಪಾತ್ರಗಳನ್ನೆಲ್ಲ ಮಾಡಿದ್ದು ಇದರ ಬಲದಿಂದ. ಎದುರಿಗೆ ಕ್ಯಾಥ್ರಿನ್ ಅಲೆಕ್ಸಾಂಡ್ರೆ ಎಂಬ ಇನ್ನೊಬ್ಬ ನಟಿ ನಿಂತು ಪೂರ್ತಿ ಅಭಿನಯಿಸುತ್ತಿದ್ದರು. ಮಸ್ಲಾನಿ ಒಂದು ಪಾತ್ರ ಮುಗಿಸಿ, ವೇಷ ಬದಲಿಸಿ, ಆ ನಟಿಯ ಜಾಗಕ್ಕೆ ಬರುತ್ತಿದ್ದರು. ಪರದೆಯ ಮೇಲೆ ಕ್ಯಾಥ್ರಿನ್ ಅವರ ಮುಖ ಉಳಿಯುತ್ತಿರಲಿಲ್ಲ. ಆದರೆ ಅವರು ಕೊಟ್ಟ ಉತ್ತರ ಮಸ್ಲಾನಿಯ ಮುಖದ ಮೇಲೆ ಉಳಿಯುತ್ತಿತ್ತು.

ಗುರುತಿನ ಮಾಲೆ

ಯಾರು ಯಾವ ಜಗತ್ತಿನವರು ಎಂದು ನೋಡುವವರಿಗೆ ತಿಳಿಯಬೇಕಲ್ಲ? ಈ ಕಷ್ಟ ನಮಗೆ ಹಳೆಯದು. ವಾಲಿವಧೆಯ ಕತೆ ನೆನೆಯಿರಿ. ಅಣ್ಣತಮ್ಮಂದಿರು ಒಂದೇ ರೂಪ. ಬಾಣ ಹೂಡಿ ನಿಂತ ರಾಮನಿಗೆ ವಾಲಿ ಯಾರು, ಸುಗ್ರೀವ ಯಾರು ಎಂದು ಗೊತ್ತಾಗಲಿಲ್ಲ. ಸುಗ್ರೀವ ಪೆಟ್ಟು ತಿಂದು ಓಡಿಬಂದ. ಎರಡನೆಯ ಸಲ ಅವನ ಕೊರಳಿಗೆ ಗಜಪುಷ್ಪಿ ಬಳ್ಳಿಯ ಮಾಲೆ ಬಿತ್ತು.

ಧಾರಾವಾಹಿಯವರೂ ಇದೇ ಮಾಲೆ ಹಾಕುತ್ತಾರೆ. 1967ರ ಅಕ್ಟೋಬರಿನಲ್ಲಿ ಪ್ರಸಾರವಾದ ‘ಸ್ಟಾರ್ ಟ್ರೆಕ್’ನ ‘ಮಿರರ್, ಮಿರರ್’ ಕಂತಿನಲ್ಲಿ ಸ್ಪಾಕ್ ಎಂಬ ಪಾತ್ರದ ಕ್ರೂರ ಜಗತ್ತಿನ ರೂಪಕ್ಕೆ ಗಡ್ಡ ಇತ್ತು. ‘ಫ್ರಿಂಜ್’ (2008–2013) ಧಾರಾವಾಹಿಯಲ್ಲಿ ನಾಯಕಿ ಒಲಿವಿಯಾಳ ಆಚೆ ಜಗತ್ತಿನ ರೂಪದ್ದು ಕೆಂಗೂದಲು.

ಮಾಲೆಯೇ ಇಲ್ಲದೆ ಗೆದ್ದದ್ದು ‘ಕೌಂಟರ್‌ಪಾರ್ಟ್’ (2017–2019). ಬರ್ಲಿನ್ನಿನಲ್ಲಿ ಜಗತ್ತು ಎರಡಾಗಿ ಸೀಳಿದೆ. ಕಚೇರಿಯ ಸಾಧು ನೌಕರ ಹೊವರ್ಡ್ ಸಿಲ್ಕ್ ಮತ್ತು ಆಚೆ ಕಡೆಯ ಗೂಢಚಾರ ಹೊವರ್ಡ್ ಮುಖಾಮುಖಿಯಾಗುತ್ತಾರೆ. ಇಬ್ಬರೂ ಜೆ. ಕೆ. ಸಿಮನ್ಸ್ ಅವರೇ. ತಲೆ ಬೋಳು, ಗಡ್ಡದ ಗುರುತಿಲ್ಲ. ಒಬ್ಬನ ಹೆಗಲು ಇಳಿದಿದೆ, ಮಾತು ತಡೆತಡೆದು ಬರುತ್ತದೆ. ಇನ್ನೊಬ್ಬ ಕೂರುವ ರೀತಿಯಲ್ಲೇ ಕೋಣೆ ಅವನದಾಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ನಮಗೆ ಇಬ್ಬರು ಮನುಷ್ಯರು ಕಾಣುತ್ತಾರೆ, ಒಬ್ಬ ನಟ ಮರೆತುಹೋಗುತ್ತಾನೆ.

ನಮ್ಮ ಕಡೆಯ ಪಾಠ

ಕನ್ನಡದಲ್ಲಿ ಇದಕ್ಕೆ ನಾನು ಮೊದಲು ತೋರಿಸುವುದು 1977ರ ‘ಬಭ್ರುವಾಹನ’. ಅರ್ಜುನನೂ ರಾಜಕುಮಾರ್, ಮಗ ಬಭ್ರುವಾಹನನೂ ರಾಜಕುಮಾರ್. ತಂದೆ ಮಗ ಹಾಡಿನಲ್ಲೇ ಜಗಳಕ್ಕೆ ನಿಲ್ಲುವ ದೃಶ್ಯದಲ್ಲಿ ಒಂದು ದನಿ ಪಿ. ಬಿ. ಶ್ರೀನಿವಾಸ್ ಅವರದು, ಇನ್ನೊಂದು ಸ್ವತಃ ರಾಜಕುಮಾರ್ ಅವರದು. ಮುಖ ಒಂದೇ ಆದರೂ ದನಿ ಎರಡಾದ್ದರಿಂದ ವಾದಕ್ಕೆ ನಿಜವಾದ ಎದುರಾಳಿ ಸಿಕ್ಕಿದ.

ಅದೇ ಕತೆ ಯಕ್ಷಗಾನದಲ್ಲಿ ಬಂದಾಗ ಇಬ್ಬರು ಕಲಾವಿದರು ರಂಗದ ಮೇಲಿರುತ್ತಾರೆ. ಭಾಗವತರ ಪದ ಮುಗಿದ ಮೇಲೆ ಅರ್ಥ ಹೇಳುವವನಿಗೆ ಬರೆದಿಟ್ಟ ಸಂಭಾಷಣೆ ಇಲ್ಲ. ಎದುರಿನವನ ಮಾತು ಕೇಳಿಸಿಕೊಂಡೇ ಉತ್ತರ ಹುಟ್ಟಬೇಕು. ಹೊನ್ನಾವರ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ಹೆಸರಾದ ಪಾತ್ರ. ಆ ಕತೆಯಲ್ಲಿ ಮೋಹಿನಿ ಕುಣಿದಂತೆ ಭಸ್ಮಾಸುರನೂ ಕುಣಿಯುತ್ತಾನೆ. ಅವಳು ಕೈ ಎತ್ತಿದರೆ ಅವನೂ ಎತ್ತಬೇಕು. ಅವಳ ಮೇಲಿಟ್ಟ ಕಣ್ಣು ಕದಲದ್ದರಿಂದಲೇ ತನ್ನ ಕೈ ತನ್ನ ತಲೆಯ ಮೇಲೆ ಹೋದದ್ದು ಅವನಿಗೆ ತಿಳಿಯುವುದಿಲ್ಲ. ಕನ್ನಡಿಯಂತೆ ಎದುರಾಗುವ ಅಭಿನಯಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ನೀವೇ ಮಾಡಿ ನೋಡಿ

ಒಂದು ಫೋನು, ಒಂದು ಸ್ಟ್ಯಾಂಡು, ಒಬ್ಬ ಗೆಳೆಯ ಸಾಕು.

ಫೋನನ್ನು ಸ್ಟ್ಯಾಂಡಿಗೆ ಬಿಗಿಯಿರಿ. ಪರದೆಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ಸನ್ನೂ ಬೆಳಕನ್ನೂ ಲಾಕ್ ಮಾಡಿ. ಮಾಡದಿದ್ದರೆ ಎರಡು ಭಾಗಗಳ ಬಣ್ಣ ಬೇರೆಯಾಗುತ್ತದೆ.

ಹಿನ್ನೆಲೆಗೆ ಚಿರೇಕಲ್ಲಿನ ಗೋಡೆ ಆರಿಸಿ. ತೆಂಗಿನ ಗರಿ ಬೇಡ. ಕೂಡುಗೆರೆಯ ಮೇಲೆ ಗರಿ ಆಡಿದರೆ ಅರ್ಧ ಗರಿ ಗಾಳಿಯಲ್ಲೇ ಮಾಯವಾಗುತ್ತದೆ. ಮಳೆಗಾಲದಲ್ಲಂತೂ ಮೋಡ ಸರಿದಾಗಲೆಲ್ಲ ನೆರಳು ಬದಲಾಗುತ್ತದೆ. ಹೊರಗೆ ತೆಗೆಯುವುದಾದರೆ ಎರಡೂ ಭಾಗ ಬೇಗಬೇಗ ಮುಗಿಸಿ.

ಜಗಲಿಯ ನಡುವೆ ಸೀಮೆಸುಣ್ಣದ ಗೆರೆ ಎಳೆಯಿರಿ. ಎಡಕ್ಕೆ ನೀವು, ಬಲಕ್ಕೆ ನಿಮ್ಮದೇ ಎತ್ತರದ ಗೆಳೆಯ. ಕೈಯಾಗಲಿ ನೆರಳಾಗಲಿ ಗೆರೆ ದಾಟಬಾರದು. ಅವನು ಎರಡನೆಯ ನಿಮ್ಮ ಮಾತುಗಳನ್ನು ಹೇಳಲಿ, ನೀವು ಅವನ ಕಣ್ಣನ್ನೇ ನೋಡಿ. ಆಮೇಲೆ ಅಂಗಿ ಬದಲಿಸಿ, ಜಾಗ ಬದಲಿಸಿ, ಮತ್ತೆ ನಡೆಸಿ. ಕೊನೆಗೆ ಫೋನಿನ ಎಡಿಟಿಂಗ್ ಆ್ಯಪಿನಲ್ಲಿ ಎರಡು ವಿಡಿಯೋಗಳ ಅರ್ಧರ್ಧ ಜೋಡಿಸಿ.

ಗೆಳೆಯನನ್ನು ಬಿಟ್ಟು ಖಾಲಿ ಗೋಡೆಗೆ ಮಾತಾಡಿಯೂ ಒಮ್ಮೆ ತೆಗೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟು, ನೀವು ಮಾತಾಡದೆ ಸುಮ್ಮನಿರುವ ಗಳಿಗೆಗಳನ್ನಷ್ಟೇ ನೋಡಿ. ಗೋಡೆಯ ಎದುರು ನಿಂತ ನೀವು ಸರದಿಗೆ ಕಾಯುತ್ತಿರುತ್ತೀರಿ. ಗೆಳೆಯನ ಎದುರು ನಿಂತ ನೀವು ಕೇಳುತ್ತಿರುತ್ತೀರಿ. ಆ ಇನ್ನೊಂದು ಜಗತ್ತಿನ ನೀವು ನಿಜವಾಗಿ ಬಂದು ನಿಲ್ಲುವುದು ಆ ಕೇಳುವ ಮುಖದ ಎದುರಿಗೆ ಮಾತ್ರ.